ಉಪ್ಪುಗಾಳಿಯೂ ಕೀ ಕೊಡುವ ವಾಚೂ

ಮಂಗಳೂರಿನ ಪಕ್ಕದ ಉಳ್ಳಾಲದ ಹಳೆಯ ಮನೆಗಳ ಕಪಾಟಿನಲ್ಲಿ ಸಿಗುವ ಮೆಕ್ಯಾನಿಕಲ್ ಕೈಗಡಿಯಾರಗಳು ಹೆಚ್ಚಾಗಿ ಎರಡು ದಾರಿಯಲ್ಲಿ ಬಂದವು: ಒಂದು ಕಡಲಾಚೆಯ ಗಲ್ಫ್‌ನಿಂದ, ಇನ್ನೊಂದು ಘಟ್ಟದ ಮೇಲಿನಿಂದ. ಇಂದು ಸಂಗ್ರಾಹಕರು ಹುಡುಕುವುದೂ ಈ ಎರಡು ಬಗೆಯ ವಾಚುಗಳನ್ನೇ.

ಗಡಿಯಾರದ ದೇಶದೊಂದಿಗೆ ಈ ಊರಿನ ಸುತ್ತಿನ ನಂಟು ಇನ್ನೂ ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಹೊರಟ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಮತಾಂತರಗೊಂಡವರಿಗೆ ಜೀವನೋಪಾಯ ಕಲ್ಪಿಸಲು ಅವರು ಹಲವು ಕಸುಬುಗಳನ್ನು ಕಲಿಸಿ ನೋಡಿದರು. ಅವುಗಳಲ್ಲಿ ಗಡಿಯಾರದ ಕೆಲಸವೂ ಇತ್ತು. ಅದು ಬೇರು ಬಿಡಲಿಲ್ಲ. ಉಳಿದು ಬೆಳೆದದ್ದು ಮುದ್ರಣ, ನೇಯ್ಗೆ ಮತ್ತು ಉಳ್ಳಾಲಕ್ಕೆ ಎದುರಾಗಿ ನೇತ್ರಾವತಿಯ ದಡದಲ್ಲಿ 1860ರ ದಶಕದಲ್ಲಿ ಎದ್ದ ಹೆಂಚಿನ ಕಾರ್ಖಾನೆ.

ಮುಂದೆ ಗಲ್ಫ್‌ನ ಕಾಲ ಬಂತು. 1970ರ ದಶಕದ ತೈಲದ ಏರುಗಾಲದಲ್ಲಿ ಉಳ್ಳಾಲದ ಬ್ಯಾರಿ ಕುಟುಂಬಗಳೂ ಸೇರಿ ಕರಾವಳಿಯ ಅನೇಕ ಮನೆಗಳ ಗಂಡಸರು ಕೆಲಸಕ್ಕೆಂದು ಅತ್ತ ಹೋದರು. ವಿದೇಶಿ ವಾಚಿನ ಆಮದಿಗೆ ಬಿಗಿ ಮಿತಿಯಿದ್ದ ಆ ದಿನಗಳಲ್ಲಿ ರಜೆಗೆ ಬಂದವನ ಮಣಿಕಟ್ಟಿನ ಸೀಕೊ ಅಥವಾ ರಾಡೊ ಇಡೀ ಕೇರಿಯ ಕಣ್ಣಿಗೆ ಬೀಳುತ್ತಿತ್ತು. 1962ರಲ್ಲಿ ಬಂದ ರಾಡೊ ಡಯಾಸ್ಟಾರ್‌ನ ಗಡಸು ಲೋಹದ ಕೇಸಿಗೆ ಸುಲಭವಾಗಿ ಗೀರು ಬೀಳುತ್ತಿರಲಿಲ್ಲ. ಡಯಲ್‌ನ ಮೇಲ್ಭಾಗದಲ್ಲಿ ಒಂದು ಪುಟ್ಟ ಲಂಗರು. ಕೈ ವಾಲಿಸಿದರೆ ಅದೂ ತಿರುಗುತ್ತದೆ. ಆ ಲಂಗರು ತಡವರಿಸತೊಡಗಿದರೆ ಒಳಗಿನ ಎಣ್ಣೆ ಆರುತ್ತಿದೆ, ವಾಚನ್ನು ಬಿಚ್ಚಿ ತೊಳೆಸಬೇಕು ಎಂದರ್ಥ.

ಘಟ್ಟದ ಮೇಲಿನಿಂದ ಬಂದದ್ದು ಎಚ್‌ಎಂಟಿ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಕೆಗೆ ಹುಟ್ಟಿದ ಈ ಸರ್ಕಾರಿ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚಿಗೆ ಕೈಹಾಕಿತು. ಮೊದಲ ಕಂತನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಆಯಿತು. ಜನತಾ, ಕಪ್ಪು ಡಯಲ್‌ನ ಪೈಲಟ್, ತೆಳ್ಳನೆಯ ಸೋನಾ, ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ ಕಾಂಚನ್ ಮನೆಮಾತಾದವು. ಕಾಂಚನ್ ಅಂತೂ ಮದುವೆಯಲ್ಲಿ ಅಳಿಯನಿಗೆ ಕೊಡುವ ವಾಚೆಂದೇ ಹೆಸರಾಯಿತು. ಗಾಜಿನ ಮುಚ್ಚಳ ಎತ್ತಿ ಮುಳ್ಳನ್ನು ಬೆರಳಿನಿಂದ ಮುಟ್ಟಿ ಗಂಟೆ ತಿಳಿಯುವ ಬ್ರೈಲ್ ವಾಚನ್ನೂ ಇದೇ ಸಂಸ್ಥೆ ಮಾಡಿತು. ಅದರ ಎಲ್ಲ ಕೆಲಸಗಳಲ್ಲಿ ಹೆಚ್ಚು ಗೌರವ ಸಲ್ಲಬೇಕಾದದ್ದು ಇದಕ್ಕೆ.

ಜನತಾದ ಹಿಂಬದಿ ತೆರೆದರೆ ಸ್ವಿಸ್ ವಾಚಿನ ಝಗಮಗ ಇಲ್ಲ. ಆದರೆ 17 ಮಾಣಿಕ್ಯದ ಹರಳುಗಳ ಆಸರೆಯಲ್ಲಿ ಓಡುವ ಯಂತ್ರ ಅಚ್ಚುಕಟ್ಟಾಗಿದೆ. ಕೂದಲೆಳೆಯಂಥ ಸ್ಪ್ರಿಂಗ್ ಬಿಗಿದು ಸಡಿಲಿದಂತೆ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಸಲ, ಅಂದರೆ ಗಂಟೆಗೆ 18,000 ಸಲ, ಅತ್ತಿತ್ತ ಹೊರಳುತ್ತದೆ. ಕರಕುಶಲತೆಯನ್ನು ಬೆಲೆಯಿಂದ ಮಾತ್ರ ಅಳೆಯುವವರು ಒಮ್ಮೆ ಇದನ್ನು ನೋಡಬೇಕು.

1969ರ ಡಿಸೆಂಬರ್‌ನಲ್ಲಿ ಸೀಕೊ ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ ಜಗತ್ತಿನಾದ್ಯಂತ ಕೀ ವಾಚಿನ ಬೇಡಿಕೆ ಕುಸಿಯಿತು. ಇಲ್ಲಿ ಆ ಪೆಟ್ಟು ಬಿದ್ದದ್ದು ತಡವಾಗಿ, 1980ರ ದಶಕದ ಕೊನೆಗೆ, ರಾಜ್ಯದ ಗಡಿಯಾಚೆಯ ಹೊಸೂರಿನಿಂದ ಟೈಟನ್ ಕಂಪನಿಯ ಕ್ವಾರ್ಟ್ಜ್ ವಾಚುಗಳು ಬಂದಾಗ. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು.

ಸಂಗ್ರಹದ ಹುರುಪು ಏರಿದ್ದು ಆಗಲೇ. ಜೊತೆಗೆ ನಕಲಿಯ ಕಾಟವೂ ಬೆಳೆಯಿತು: ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಅಪರೂಪದ ಮಾದರಿ ಎಂದು ಮಾರುವುದು. ಬಲ್ಲವರು ಭೂತಗನ್ನಡಿ ಹಿಡಿದು ಮೊದಲು ಅಕ್ಷರಗಳನ್ನು ನೋಡುತ್ತಾರೆ. ಕಾರ್ಖಾನೆಯ ಅಚ್ಚು ತೆಳುವಾಗಿ, ಅಂಚು ಚೂಪಾಗಿರುತ್ತದೆ. ಮರುಬಣ್ಣದಲ್ಲಿ ಅಕ್ಷರ ಉಬ್ಬಿ ಒಂದಕ್ಕೊಂದು ತಾಗುತ್ತದೆ. ಹೊಳೆಯುವ ಹೊಸ ಡಯಲ್‌ಗಿಂತ ಕಲೆ ಬಿದ್ದ ಮೂಲ ಡಯಲ್‌ಗೇ ಹೆಚ್ಚು ಬೆಲೆ.

ಉಳ್ಳಾಲದಂಥ ಕಡಲೂರಿನ ವಾಚುಗಳಿಗೆ ಇನ್ನೊಂದು ಪರೀಕ್ಷೆಯಿದೆ. ಮಳೆಗಾಲದ ತೇವ, ಉಪ್ಪುಗಾಳಿ ಕೀ ತಿರುಪಿನ ಸಂದಿನಿಂದ ಒಳನುಗ್ಗುತ್ತವೆ. ತಿರುಪಿನ ಉಕ್ಕಿನ ಕಡ್ಡಿಗೆ ಮೊದಲು ತುಕ್ಕು, ಆಮೇಲೆ ಡಯಲ್‌ನ ಅಂಚಿಗೆ ಚುಕ್ಕೆ. ಆದ್ದರಿಂದ ಇಲ್ಲಿನ ವಾಚು ಕೊಳ್ಳುವವರು ನಡೆಯುತ್ತಿದೆಯೇ ಎಂದಷ್ಟೇ ನೋಡಿದರೆ ಸಾಲದು. ತಿರುಪನ್ನು ಹೊರಗೆಳೆಸಿ ಕಡ್ಡಿಯ ಬಣ್ಣ ನೋಡಬೇಕು.