ಹೇಳಿಕೆ ಸಮಸ್ಯೆಗಳ ಬೀಜಗಣಿತ ರೂಪಾಂತರ

ಹೇಳಿಕೆ ಸಮಸ್ಯೆಗಳ ಬೀಜಗಣಿತ ರೂಪಾಂತರ ಎಂದರೆ ಸಾಮಾನ್ಯ ಭಾಷೆಯ ವಾಕ್ಯಗಳಲ್ಲಿ ಕೊಟ್ಟಿರುವ ಪರಿಮಾಣಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಚರಾಕ್ಷರ, ಸಂಖ್ಯೆ ಹಾಗೂ ಗಣಿತ ಚಿಹ್ನೆಗಳ ಮೂಲಕ ಬರೆಯುವ ಕ್ರಮ. ಹೀಗೆ ಬರೆದುದು ಬೀಜೋಕ್ತಿ, ಸಮೀಕರಣ ಅಥವಾ ಅಸಮತೆ ಆಗಿರಬಹುದು. ಸಮೀಕರಣವನ್ನು ಬಿಡಿಸಲು ನಿಶ್ಚಿತ ನಿಯಮಗಳಿವೆ. ಅದನ್ನು ರಚಿಸಲು ಅಂತಹ ಸಿದ್ಧ ನಿಯಮಗಳಿಲ್ಲ. ಪದಕ್ಕೊಂದು ಚಿಹ್ನೆಯನ್ನು ಇಡುತ್ತಾ ಹೋಗುವ ವಿಧಾನವು ಸುಲಭದ ಲೆಕ್ಕಗಳಲ್ಲಿ ಫಲ ನೀಡಿದರೂ ಅನೇಕ ಕಡೆ ತಪ್ಪು ದಾರಿ ಹಿಡಿಸುತ್ತದೆ. ಕನ್ನಡದ ಹೇಳಿಕೆಗಳಲ್ಲಿ ಪರಿಮಾಣಗಳ ಸಂಬಂಧವನ್ನು ಬಹುಮಟ್ಟಿಗೆ ಪ್ರತ್ಯಯಗಳು ಸೂಚಿಸುವುದರಿಂದ, ಪದಗಳಷ್ಟೇ ಗಮನವನ್ನು ಪ್ರತ್ಯಯಗಳಿಗೂ ಕೊಡಬೇಕಾಗುತ್ತದೆ.

ಇಂದಿನ ಪಠ್ಯಪುಸ್ತಕಗಳಲ್ಲಿ ಚರಾಕ್ಷರಗಳಾಗಿ ರೋಮನ್ ಲಿಪಿಯ ಎಕ್ಸ್, ವೈ ಮುಂತಾದವು ಬಳಕೆಯಲ್ಲಿವೆ. ಈ ಲೇಖನದಲ್ಲಿ ಅವುಗಳ ಬದಲಿಗೆ ಕನ್ನಡ ಅಕ್ಷರಗಳನ್ನು ಬಳಸಲಾಗಿದೆ.

ಹಿನ್ನೆಲೆ

ಅಜ್ಞಾತ ಪರಿಮಾಣವನ್ನು ಅಕ್ಷರದಿಂದ ಸೂಚಿಸುವ ಪದ್ಧತಿ ಭಾರತದಲ್ಲಿ ಹಳೆಯದು. ಭಾಸ್ಕರಾಚಾರ್ಯನ (ಜನನ 1114) 'ಬೀಜಗಣಿತ'ದಲ್ಲಿ ಮೊದಲ ಅಜ್ಞಾತಕ್ಕೆ 'ಯಾವತ್ತಾವತ್' ಎಂದೂ ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ ಎಂಬ ಬಣ್ಣಗಳ ಹೆಸರುಗಳೂ ಇವೆ. ಬರೆಯುವಾಗ ಇವು ಯಾ, ಕಾ, ನೀ, ಪೀ ಎಂದು ಸಂಕ್ಷೇಪಗೊಳ್ಳುತ್ತವೆ. ಜ್ಞಾತ ಸಂಖ್ಯೆಗೆ 'ರೂಪ' ಎಂಬುದರ 'ರೂ' ಸೇರುತ್ತದೆ. ಋಣ ಸಂಖ್ಯೆಯ ಮೇಲೆ ಚುಕ್ಕೆ ಇಡಲಾಗುತ್ತದೆ.

ಅದೇ ಗ್ರಂಥದ ಒಂದು ಲೆಕ್ಕದಲ್ಲಿ ಒಬ್ಬನ ಬಳಿ 300 ನಾಣ್ಯಗಳೂ 6 ಕುದುರೆಗಳೂ ಇವೆ. ಇನ್ನೊಬ್ಬನ ಬಳಿ ಅದೇ ಬೆಲೆಯ 10 ಕುದುರೆಗಳಿದ್ದು, ಅವನಿಗೆ 100 ನಾಣ್ಯಗಳ ಸಾಲವಿದೆ. ಇಬ್ಬರ ಸಂಪತ್ತೂ ಸಮ. ಮೊದಲ ಪಕ್ಷವನ್ನು 'ಯಾ 6 ರೂ 300' ಎಂದು ಬರೆದು, ಅದರ ಕೆಳಗೆ 'ಯಾ 10 ರೂ 100' ಎಂದು ಬರೆದು, ನೂರರ ಮೇಲೆ ಚುಕ್ಕೆ ಇಟ್ಟರೆ ಸಮೀಕರಣ ಸಿದ್ಧ. ಇಂದಿನ ಬರವಣಿಗೆಯಲ್ಲಿ ಇದು 6ಕ + 300 = 10ಕ − 100; ಕುದುರೆಯ ಬೆಲೆ 100. ಹೇಳಿಕೆಯಲ್ಲಿ 'ಕಳೆ' ಎಂಬ ಪದ ಎಲ್ಲಿಯೂ ಇಲ್ಲ. 'ಸಾಲ' ಎಂಬುದರ ಅರ್ಥವೇ ವ್ಯವಕಲನ ಚಿಹ್ನೆಯನ್ನು ತರುತ್ತದೆ.

ಹೇಳಿಕೆ ಸಮಸ್ಯೆಗಳಿಗೆ ಕರ್ನಾಟಕದಲ್ಲಿಯೂ ದೀರ್ಘ ಪರಂಪರೆಯಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' (9ನೇ ಶತಮಾನ) ಇಂತಹ ಲೆಕ್ಕಗಳಿಂದ ತುಂಬಿದೆ. 12ನೇ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು.

ಯುರೋಪಿನಲ್ಲಿ ರಾಬರ್ಟ್ ರೆಕಾರ್ಡ್ 1557ರಲ್ಲಿ ಸಮ ಚಿಹ್ನೆಯನ್ನು ಬಳಕೆಗೆ ತಂದನು. 1707ರಲ್ಲಿ ಪ್ರಕಟವಾದ ನ್ಯೂಟನ್‌ನ 'ಅರಿತ್ಮೆಟಿಕಾ ಯೂನಿವರ್ಸಾಲಿಸ್' ಗ್ರಂಥದಲ್ಲಿ ಒಂದು ಕಡೆ ಮಾತಿನ ಹೇಳಿಕೆ, ಅದರ ಎದುರಿಗೆ ಬೀಜಗಣಿತದ ರೂಪ ಎಂಬಂತೆ ಲೆಕ್ಕಗಳನ್ನು ಬಿಡಿಸಿ ತೋರಿಸಲಾಗಿದೆ. ಇಂದಿನ ತರಗತಿಗಳಲ್ಲಿಯೂ ಇದಕ್ಕಿಂತ ಉತ್ತಮವಾದ ವಿನ್ಯಾಸ ಸಿಗುವುದು ವಿರಳ.

ಬೀಜೋಕ್ತಿ, ಸಮೀಕರಣ, ಅಸಮತೆ

'ಹೆಚ್ಚು' ಎಂಬ ಒಂದೇ ಪದ ಈ ಮೂರು ರೂಪಗಳಲ್ಲಿಯೂ ಬರಬಹುದು. ಅಜ್ಞಾತ ಸಂಖ್ಯೆಯನ್ನು ಕ ಎಂದಿಟ್ಟುಕೊಂಡರೆ:

'ಒಂದು ಸಂಖ್ಯೆಗಿಂತ 7 ಹೆಚ್ಚು': ಕ + 7
'ಒಂದು ಸಂಖ್ಯೆಗಿಂತ 7 ಹೆಚ್ಚಿರುವ ಸಂಖ್ಯೆ 20': ಕ + 7 = 20
'ಒಂದು ಸಂಖ್ಯೆಯು 7ಕ್ಕಿಂತ ಹೆಚ್ಚು': ಕ > 7

ಮೊದಲನೆಯದು ಒಂದು ಪರಿಮಾಣವನ್ನು ಹೆಸರಿಸುತ್ತದೆ, ಅಷ್ಟೆ. ಅದನ್ನು 'ಬಿಡಿಸಲು' ಬರುವುದಿಲ್ಲ. ಎರಡನೆಯದು ಎರಡು ಪರಿಮಾಣಗಳು ಸಮವೆಂದು ಹೇಳುತ್ತದೆ. ಮೂರನೆಯದರಲ್ಲಿ ಕೂಡುವ ಕ್ರಿಯೆಯೇ ಇಲ್ಲ. '-ಗಿಂತ' ಎಂಬುದು ಯಾವುದಕ್ಕೆ ಅಂಟಿದೆ, ವ್ಯತ್ಯಾಸ ಎಷ್ಟೆಂದು ಹೇಳಲಾಗಿದೆಯೇ ಎಂಬುದರಿಂದ ರೂಪ ನಿರ್ಧಾರವಾಗುತ್ತದೆ. 'ಹೆಚ್ಚು ಎಂದರೆ ಕೂಡು' ಎಂಬ ಬಾಯಿಪಾಠ ಇಲ್ಲಿಗೇ ಸೋಲುತ್ತದೆ.

ಪ್ರತ್ಯಯಗಳ ಪಾತ್ರ

'-ಇಂದ' ಪ್ರತ್ಯಯವು ವಿಶೇಷ ಎಚ್ಚರಿಕೆಯನ್ನು ಬಯಸುತ್ತದೆ. 'ಒಂದು ಸಂಖ್ಯೆಯನ್ನು 10ರಿಂದ ಭಾಗಿಸಿ' ಎಂದರೆ ಕ ÷ 10. 'ಒಂದು ಸಂಖ್ಯೆಯನ್ನು 10ರಿಂದ ಕಳೆಯಿರಿ' ಎಂದರೆ 10 − ಕ. ಎರಡು ವಾಕ್ಯಗಳ ರಚನೆ ಒಂದೇ, ಪ್ರತ್ಯಯವೂ ಒಂದೇ. ಆದರೆ ಸಂಖ್ಯೆಗಳ ಸ್ಥಾನ ಅದಲುಬದಲಾಗಿದೆ. ಮೊದಲನೆಯದರಲ್ಲಿ ಹತ್ತು ಎಂಬುದು ಭಾಗಿಸುವ ಸಾಧನ. ಎರಡನೆಯದರಲ್ಲಿ ಅದು ಯಾವುದರಿಂದ ತೆಗೆಯಬೇಕೋ ಆ ಮೂಲ. ವ್ಯಾಕರಣವು ತೃತೀಯಾ, ಪಂಚಮಿ ಎಂದು ಇವನ್ನು ಬೇರ್ಪಡಿಸಿದರೂ ಬಳಕೆಯ ಕನ್ನಡದಲ್ಲಿ ಎರಡಕ್ಕೂ '-ಇಂದ' ಎಂದೇ ಬರುತ್ತದೆ. ಸಂಕಲನ ಮತ್ತು ಗುಣಾಕಾರಗಳಲ್ಲಿ ಸ್ಥಾನ ಬದಲಾದರೂ ಫಲ ಬದಲಾಗದ ಕಾರಣ ಈ ತೊಡಕು ಅಲ್ಲಿ ಬಯಲಾಗುವುದಿಲ್ಲ.

ಷಷ್ಠೀ ವಿಭಕ್ತಿಯು ಆವರಣ ಎಲ್ಲಿರಬೇಕು ಎಂಬುದನ್ನು ಸೂಚಿಸುತ್ತದೆ. 'ಒಂದು ಸಂಖ್ಯೆ ಮತ್ತು 4ರ ಮೊತ್ತದ ಎರಡರಷ್ಟು' 2(ಕ + 4). 'ಒಂದು ಸಂಖ್ಯೆಯ ಎರಡರಷ್ಟು ಮತ್ತು 4ರ ಮೊತ್ತ' 2ಕ + 4. ಹಾಗೆಯೇ 'ವರ್ಗಗಳ ಮೊತ್ತ' ಮತ್ತು 'ಮೊತ್ತದ ವರ್ಗ' ಬೇರೆ ಬೇರೆ. ಕನ್ನಡದಲ್ಲಿ ಕೊನೆಯಲ್ಲಿ ಬರುವ ಕ್ರಿಯೆಯನ್ನೇ ಕೊನೆಯಲ್ಲಿ ಮಾಡಬೇಕಾಗುವುದರಿಂದ, ಇಂತಹ ಪದಪುಂಜಗಳನ್ನು ಬಲತುದಿಯಿಂದ ಬಿಡಿಸುತ್ತಾ ಬರುವುದು ಅನುಕೂಲ.

ಕೆಲವು ಪದಪ್ರಯೋಗಗಳು ಸ್ವತಃ ಸಂದಿಗ್ಧ. 'ಮೂರು ಪಟ್ಟು ಇದೆ' ಎಂದರೆ 3ಕ ಎಂಬುದರಲ್ಲಿ ಅನುಮಾನವಿಲ್ಲ. 'ಮೂರು ಪಟ್ಟು ಹೆಚ್ಚು' ಎಂಬುದನ್ನು ಕೆಲವರು 3ಕ ಎಂದೂ ಕೆಲವರು 4ಕ ಎಂದೂ ಓದುತ್ತಾರೆ. ಇಂತಹ ವಾಕ್ಯವನ್ನು ಪ್ರಶ್ನೆಪತ್ರಿಕೆಯಲ್ಲಿ ಬಳಸದಿರುವುದೇ ಲೇಸು.

ವಿಪರ್ಯಯ ದೋಷ

ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1981ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದನ್ನು ಸಮೀಕರಣವಾಗಿ ಬರೆಯಲು ಕೇಳಿದಾಗ, ಎಂಜಿನಿಯರಿಂಗ್‌ನ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ತಪ್ಪಿದರು. ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು 6ವ = ಪ; ಸರಿಯಾದುದು ವ = 6ಪ.

ಇದಕ್ಕೆ ಮುಖ್ಯ ಕಾರಣ ಅಕ್ಷರವನ್ನು ಸಂಖ್ಯೆಯೆಂದು ತಿಳಿಯದೆ ವಸ್ತುವಿನ ಹೆಸರೆಂದು ತಿಳಿಯುವುದು. 6ವ ಎಂಬುದನ್ನು 'ಆರು ವಿದ್ಯಾರ್ಥಿಗಳು' ಎಂದು ಓದಿದಾಗ, ಒಬ್ಬ ಪ್ರಾಧ್ಯಾಪಕರ ಎದುರಿಗೆ ಆರು ವಿದ್ಯಾರ್ಥಿಗಳ ಚಿತ್ರವೇ ಸಮೀಕರಣವಾಗಿಬಿಡುತ್ತದೆ. ಆದುದರಿಂದ 'ವ ಎಂದರೆ ವಿದ್ಯಾರ್ಥಿಗಳು' ಎಂದು ಬರೆಯದೆ 'ವ ಎಂದರೆ ವಿದ್ಯಾರ್ಥಿಗಳ ಸಂಖ್ಯೆ' ಎಂದು ಬರೆಯುವುದು ಅಗತ್ಯ. ಪ = 10 ಎಂದಿಟ್ಟು ನೋಡಿದರೆ ವಿದ್ಯಾರ್ಥಿಗಳು 60 ಮಂದಿ ಆಗಬೇಕು; ತಪ್ಪು ಅಲ್ಲಿಯೇ ಗೋಚರಿಸುತ್ತದೆ.

ಒಂದು ಉದಾಹರಣೆ ಮತ್ತು ತಾಳೆ

4 ವರ್ಷಗಳ ಹಿಂದೆ ತಾಯಿಯ ವಯಸ್ಸು ಮಗಳ ವಯಸ್ಸಿನ 5ರಷ್ಟಿತ್ತು. ಇನ್ನು 14 ವರ್ಷಗಳ ನಂತರ ಅದು 2ರಷ್ಟಾಗುವುದು. ಇಬ್ಬರ ಈಗಿನ ವಯಸ್ಸೆಷ್ಟು?

ತಾಯಿಯ ಈಗಿನ ವಯಸ್ಸು ತ ವರ್ಷ, ಮಗಳದು ಮ ವರ್ಷ ಎಂದಿಟ್ಟುಕೊಂಡರೆ:

ತ − 4 = 5(ಮ − 4)
ತ + 14 = 2(ಮ + 14)

ಇವುಗಳಿಂದ ಮ = 10, ತ = 34. ಕಾಲವು ಇಬ್ಬರಿಗೂ ಸಮಾನವಾಗಿ ಸಾಗುವುದರಿಂದ 4 ಅನ್ನು ಎರಡೂ ಕಡೆ ಕಳೆಯಬೇಕು. ಐದು ಪಟ್ಟಾಗಬೇಕಾದುದು ಮಗಳ ಅಂದಿನ ವಯಸ್ಸಾದ್ದರಿಂದ ಆವರಣವೂ ಬೇಕು. ಮೊದಲ ಸಮೀಕರಣವನ್ನು ಆವರಣವಿಲ್ಲದೆ ತ − 4 = 5ಮ − 4 ಎಂದು ಬರೆದರೆ ಮ = 14/3 ಎಂಬ ಉತ್ತರ ಬರುತ್ತದೆ. ಈ ಬೆಲೆಯನ್ನು ಅದೇ ಸಮೀಕರಣಕ್ಕೆ ಹಾಕಿ ನೋಡಿದರೆ ಎರಡೂ ಪಕ್ಷಗಳು ಸಮವಾಗಿಯೇ ಇರುತ್ತವೆ, ತಪ್ಪು ಸಿಗುವುದಿಲ್ಲ. ಆದುದರಿಂದ ತಾಳೆ ನೋಡಬೇಕಾದುದು ಮೂಲ ಹೇಳಿಕೆಯೊಡನೆ: 4 ವರ್ಷಗಳ ಹಿಂದೆ 30 ಮತ್ತು 6, 14 ವರ್ಷಗಳ ನಂತರ 48 ಮತ್ತು 24.

ಅಸಮತೆಗಳು

'ಕನಿಷ್ಠ', 'ಕಡಿಮೆಯೆಂದರೆ', 'ಕಡಿಮೆ ಇರಬಾರದು' ಎಂಬುವು ≥ ಚಿಹ್ನೆಯನ್ನೂ 'ಗರಿಷ್ಠ', 'ಹೆಚ್ಚೆಂದರೆ', 'ಮೀರಬಾರದು' ಎಂಬುವು ≤ ಚಿಹ್ನೆಯನ್ನೂ ಬಯಸುತ್ತವೆ. 'ಕನಿಷ್ಠ' ಎಂಬ ಪದವು ಚಿಕ್ಕದನ್ನು ನೆನಪಿಗೆ ತರುವುದರಿಂದ ವಿದ್ಯಾರ್ಥಿಗಳು ಚಿಹ್ನೆಯನ್ನು ತಿರುಗಿಸಿ ಬರೆಯುವ ಸಂಭವವಿದೆ.

ಗಡಿಯ ಸಂಖ್ಯೆ ಸೇರುತ್ತದೆಯೇ ಇಲ್ಲವೇ ಎಂಬುದು ವ್ಯವಹಾರದಲ್ಲಿ ಬಹು ಮುಖ್ಯ. ಭಾರತ ಸಂವಿಧಾನದ 326ನೇ ವಿಧಿಯು ಮತದಾರನ ವಯಸ್ಸು 18 ವರ್ಷಕ್ಕಿಂತ ಕಡಿಮೆ ಇರಬಾರದೆಂದು ವಿಧಿಸುತ್ತದೆ (61ನೇ ತಿದ್ದುಪಡಿಗೆ ಮೊದಲು ಇದು 21 ಆಗಿತ್ತು). ಇದರ ರೂಪ ವ ≥ 18. ಇದನ್ನು ವ > 18 ಎಂದು ಬರೆದರೆ, ಅರ್ಹತಾ ದಿನಾಂಕದಂದೇ 18 ತುಂಬುವವರ ಹಕ್ಕು ಹೊರಗುಳಿಯುತ್ತದೆ.

ಹೇಳಿಕೆಯಲ್ಲಿ ಬರೆಯದೆ ಬಿಟ್ಟ ನಿರ್ಬಂಧಗಳೂ ಇರುತ್ತವೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನವೊಂದರಲ್ಲಿ, ಬಸ್ಸೊಂದಕ್ಕೆ 36 ಸೈನಿಕರಂತೆ 1128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸುಗಳು ಬೇಕೆಂದು 13 ವರ್ಷದ ಮಕ್ಕಳನ್ನು ಕೇಳಲಾಗಿತ್ತು. ಭಾಗಾಕಾರವನ್ನು ಬಹುಪಾಲು ಮಕ್ಕಳು ಸರಿಯಾಗಿಯೇ ಮಾಡಿದರು. ಆದರೆ 29 ಶೇಕಡ ಮಂದಿ '31, ಶೇಷ 12' ಎಂದು ಉತ್ತರಿಸಿದರು. ಬಸ್ಸುಗಳ ಸಂಖ್ಯೆ ಬ ಆದರೆ ಇಲ್ಲಿ ಬೇಕಾದುದು 36ಬ ≥ 1128, ಮತ್ತು ಬ ಒಂದು ಪೂರ್ಣ ಸಂಖ್ಯೆ. ಬ ≥ 31⅓ ಆಗುವುದರಿಂದ ಉತ್ತರ 32.