ನಮ್ಮನಿ ಗೇಮಿಂಗ್ ಲ್ಯಾಪ್‌ಟಾಪಿನ ವಂಶಾವಳಿ

ನಮ್ಮನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬಂದು ಇವತ್ತಿಗೆ ಹದಿನೆಂಟು ದಿವಸ ಆತು. ನೋಡ್ಲಿಕ್ಕೆ ಬಂದ ವೈನ್ಯಾರು, ಮಾವಶ್ಯಾರು, ಬಾಜೂ ಮನಿ ಕಾಕುಗೋಳು ಎಲ್ಲಾರೂ ಮೊದಲ ಕೇಳಿದ್ದು ಒಂದ ಮಾತು: "ಮಗಗ ತಗೊಂಡೇನ?" ಮಗಗ ಅಲ್ರಿ, ಮಗಳಿಗೆ. ಮತ್ತ ಅರ್ಧಾ ನನಗ. ಆಕಿ ಆರ್ಕಿಟೆಕ್ಚರ್ ಓದ್ಲಿಕತ್ತಾಳ, ಕಟ್ಟಡದ ಚಿತ್ರ ತಗೀತಾಳ, ರಾತ್ರಿ ಊಟ ಆದಮ್ಯಾಲೆ ಒಂದು ತಾಸು ಆಟಾನೂ ಆಡ್ತಾಳ. ನಾನು ಇದರಾಗ ನಿಮಗ ಇಂಥಾವು ಬರೀತೇನಿ. ರೊಕ್ಕ ನನ್ನ ಎರಡು ವರ್ಷದ ಭಿಶಿದು.

"ಹುಡುಗಿಗೆ ಗೇಮಿಂಗ್ ಲ್ಯಾಪ್‌ಟಾಪ್ ಯಾಕ? ಸಾದಾದ್ದು ತಗೊಂಡು ಉಳದ ರೊಕ್ಕದಾಗ ಒಂದು ಉಂಗರ ಮಾಡಸಬೇಕಿತ್ತು" ಅಂದವರೂ ಇದ್ದಾರ. ಆಮ್ಯಾಲೆ ಕೈಯಾಗ ಎತ್ತಿ ನೋಡಿದವರದು ಬ್ಯಾರೆ ಪ್ರಶ್ನೆ: ಇದು ಯಾಕ ಇಷ್ಟು ವಜ್ಜ, ಯಾಕ ಇಷ್ಟು ಸಪ್ಪಳ, ಯಾಕ ಇಷ್ಟು ಬಿಸಿ? ಈ ಎಲ್ಲಾದಕ್ಕೂ ಉತ್ತರ ಇದರ ವಂಶಾವಳಿಯೊಳಗ ಅದ. ಒಂದ್ಸಲ ಓದಿದ್ರ ಉಂಗರದ ಮಾತಿಗೂ ಉತ್ತರ ಸಿಗ್ತದ.

ಮೊದಲ ಸಾಮಾನು ಹೆಂಗದ ಅಂತ ಹೇಳಿಬಿಡ್ತೇನಿ. ಲ್ಯಾಪ್‌ಟಾಪ್ ಸುಮಾರು 2.4 ಕಿಲೋ ಅದ. ಅದರ ಚಾರ್ಜರ್ ಒಂದ 800 ಗ್ರಾಂ, ನೋಡ್ಲಿಕ್ಕೆ ಇಟ್ಟಂಗಿ ಇದ್ದಂಗ. ಸಾದಾ ಲ್ಯಾಪ್‌ಟಾಪಿನ ಚಾರ್ಜರ್ 45 ಇಲ್ಲಾ 65 ವ್ಯಾಟಿಂದು ಇರ್ತದ, ಇದರದು 230 ವ್ಯಾಟಿಂದು. ನಾ ಬರೀಲಿಕ್ಕೆ ಕೂತಾಗ ಸಪ್ಪಳಾನ ಇರಂಗಿಲ್ಲ. ಮಗಳು ಕಟ್ಟಡದ ಚಿತ್ರಕ್ಕ ಬೆಳಕು-ನೆರಳು ಕೂಡಸ್ಲಿಕ್ಕೆ ಹಚ್ಚಿದ್ಲಂದ್ರ ಎರಡು ಮಿನಿಟದಾಗ ಒಳಗಿನ ಫ್ಯಾನ್ ಎದ್ದು ಟೇಬಲ್ ಫ್ಯಾನ್ ಪೂರಾ ಇಟ್ಟಂಗ ಆಗ್ತದ. ಹಿಂದಿನ ಕಿಂಡಿಯೊಳಗಿಂದ ಬರೋ ಗಾಳಿ ಒಲಿ ಮುಂದ ಕೂತಂಗ. ಕೀಲಿಮಣಿ ಕೆಳಗ ಬಣ್ಣಬಣ್ಣದ ದೀಪ ಓಡಾಡ್ತಿದ್ವು, ದೀಪಾವಳಿ ಸರದ್ದಂಗ. ಎರಡನೇ ದಿವಸ ಅದನ್ನ ಬಿಳಿ ಬಣ್ಣಕ್ಕ ನಿಲ್ಲಿಸಿದ್ವಿ, ಈಗ ಕಣ್ಣಿಗೆ ಹಿತ ಅದ.

ಇನ್ನ ವಂಶಾವಳಿ.

ಮುತ್ತಜ್ಜಿ ಹೆಸರು ಎನಿಯಾಕ್. 1946ರಾಗ ಅಮೇರಿಕಾದ ಫಿಲಡೆಲ್ಫಿಯಾದೊಳಗ ಮಂದಿಗೆ ತೋರಿಸಿದ್ರು. ಸುಮಾರು 27 ಟನ್ ತೂಕ, 18,000ದಷ್ಟು ನಿರ್ವಾತ ನಳಿಕೆ, ಒಂದು ದೊಡ್ಡ ಖೋಲಿ ತುಂಬ ಹರಡಿತ್ತು. ಒಂದ್ಸಲ ಚಾಲೂ ಮಾಡಿದ್ರ 150 ಕಿಲೋವ್ಯಾಟ್ ಕರೆಂಟ್ ತಿಂತಿತ್ತು. ನಮ್ಮಂಥಾ ಮನಿಗೆ ಒಂದು ತಿಂಗಳಿಗೆ 150 ಯೂನಿಟ್ ಸಾಕಾಗ್ತದ, ಅಷ್ಟನ್ನ ಆಕಿ ಒಂದ ತಾಸಿನಾಗ ಮುಗಸ್ತಿದ್ಲು. ಆಕಿಗೆ ಲೆಕ್ಕ ಮಾಡೋದನ್ನ ಕಲಿಸಿದವರು ಆರು ಮಂದಿ ಹೆಣ್ಣಮಕ್ಕಳು: ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಕೇ ಮೆಕ್‌ನಲ್ಟಿ, ಮಾರ್ಲಿನ್ ವೆಸ್ಕಾಫ್, ರೂತ್ ಲಿಖ್ಟರ್‌ಮನ್, ಫ್ರಾನ್ಸಿಸ್ ಬಿಲಾಸ್. ಸಾವಿರಾರು ವೈರು, ಸ್ವಿಚ್ಚು, ಎಲ್ಲಾ ಕೈಲೆ ಜೋಡಸಬೇಕಿತ್ತು. ಮಂದಿಗೆ ತೋರಿಸಿದ ದಿವಸ ಮಾತ್ರ ಇವರ ಹೆಸರು ಯಾರೂ ಎತ್ತಲಿಲ್ಲ. ಅಡಗಿ ಮಾಡಿದವರು ಒಳಗ ಉಳದು, ಬಡಸಿದವರಿಗೆ ಶಾಭಾಸ್ಕಿ ಸಿಕ್ಕಂಗ.

ಇನ್ನ ಆಟದ ಮಾತು, 1962ರದು. ಎಮ್‌ಐಟಿ ಅನ್ನೋ ದೊಡ್ಡ ವಿದ್ಯಾಲಯದಾಗ ಸ್ಟೀವ್ ರಸೆಲ್ ಮತ್ತ ಅವನ ಗೆಳ್ಯಾರು ಕೂಡಿ 'ಸ್ಪೇಸ್‌ವಾರ್' ಅನ್ನೋ ಆಟ ಬರದ್ರು. ಪರದೆ ಮ್ಯಾಲೆ ಎರಡು ಸಣ್ಣ ವಿಮಾನ, ನಡುವ ಒಂದು ನಕ್ಷತ್ರ, ಒಬ್ಬರಿಗೊಬ್ಬರು ಹೊಡೀಬೇಕು. ಅದು ಓಡ್ತಿದ್ದ ಕಂಪ್ಯೂಟರ್ ನಮ್ಮ ಎರಡು-ಮೂರು ಗಾದ್ರೇಜ್ ಕಪಾಟಿನಷ್ಟು ದೊಡ್ಡದು.

ಈಗ ಖರೇ ಮಾತಿಗೆ ಬಂದೆ. 1972ರಾಗ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಾಗಿದ್ದ ಅಲನ್ ಕೇ ಅನ್ನಂವ ಒಂದು ಲೇಖನ ಬರದ. ಇಂಥಾದ್ದೊಂದು ಕಂಪ್ಯೂಟರ್ ಮುಂದ ಬರಬೇಕು ಅಂತ ಅಂವಾ ಕನಸು ಕಂಡಿದ್ದ: ನೋಟಬುಕ್ಕಿನಷ್ಟು ಅಗಲ, ಎರಡು ಕಿಲೋದ ಒಳಗ ತೂಕ, ಕೈಯಾಗ ಹಿಡಕೊಂಡು ಹೋಗಂಗ ಇರಬೇಕು. ಹೆಸರು 'ಡೈನಾಬುಕ್'. ಆಗ ಅಂಥಾ ಸಾಮಾನು ಜಗತ್ತಿನಾಗ ಎಲ್ಲೂ ಇರಲಿಲ್ಲ. ಅದನ್ನ ಅಂವಾ ಯಾರಿಗಂತ ಯೋಚನಿ ಮಾಡಿದ್ದ ಗೊತ್ತೇನ್ರಿ? ಆಫೀಸಿನ ಸಾಹೇಬರಿಗೆ ಅಲ್ಲ, ಹುಡುಗೂರಿಗೆ. ಲೇಖನದ ಮೊದಲಿಗೇ ಒಂದು ಕಥಿ ಅದ. ಒಂಬತ್ತು ವರ್ಷದ ಇಬ್ಬರು ಹುಡುಗೂರು, ಬೆತ್ ಅನ್ನೋ ಹುಡುಗಿ, ಜಿಮ್ಮಿ ಅನ್ನೋ ಹುಡುಗ, ಪಾರ್ಕಿನ ಹುಲ್ಲಿನ ಮ್ಯಾಲೆ ಬೋರಲ ಬಿದ್ದು ತಮ್ಮ ತಮ್ಮ ಡೈನಾಬುಕ್ ಜೋಡಿಸಿ ಆಟ ಆಡ್ತಿರ್ತಾರ. ಆಟ ಅದ, ಸ್ಪೇಸ್‌ವಾರ್. ಗೆದ್ದಾಕಿ ಬೆತ್, ಅದೂ ಮತ್ತೊಮ್ಮೆ. ಆ ಆಟದಾಗಿಂದನ ಸೂರ್ಯನ ಸೆಳೆತದ ವಿಚಾರ ಹುಟ್ಟಿ, ಹುಡುಗೂರು ವಿಜ್ಞಾನ ಕಲೀಲಿಕ್ಕೆ ಹೋಗ್ತಾರ.

ಅಂದ್ರ ಲ್ಯಾಪ್‌ಟಾಪ್ ಅನ್ನೋದು ತಯಾರಾಗೋಕ್ಕಿಂತ ಮೊದಲ, ಬರೇ ಕಾಗದದ ಮ್ಯಾಲೆ ಇದ್ದಾಗನ, ಅದರಾಗ ಆಟ ಇತ್ತು, ಆಡಿ ಗೆದ್ದ ಹುಡುಗಿನೂ ಇದ್ಲು.

ಕಾಗದದ ಮ್ಯಾಲೆ ಬರದದ್ದು ಕೈಗೆ ಬರಬೇಕಾದ್ರ ಭಾಳ ದಿವಸ ಹಿಡೀತು. 1981ರಾಗ ಆಡಮ್ ಆಸ್‌ಬಾರ್ನ್ ಅನ್ನಂವ 'ಆಸ್‌ಬಾರ್ನ್ 1' ಅಂತ ಎತ್ತಿಕೊಂಡು ಹೋಗೋ ಕಂಪ್ಯೂಟರ್ ಮಾರಾಟಕ್ಕ ತಂದ. ತೂಕ 11 ಕಿಲೋ! ಮುಚ್ಚಿದ್ರ ನಮ್ಮ ಹಳೇ ಹೊಲಿಗಿ ಮಷೀನಿನ ಪೆಟ್ಟಿಗಿ ಇದ್ದಂಗ, ಮುಚ್ಚಳಾನ ಕೀಲಿಮಣಿ. ಪರದೆ ಬರೇ 5 ಇಂಚು, ಇವತ್ತಿನ ಮೊಬೈಲ್‌ಕ್ಕಿಂತ ಸಣ್ಣದು. ಒಳಗ ಬ್ಯಾಟರಿ ಇಲ್ಲ, ಹೋದಲ್ಲೆಲ್ಲಾ ಪ್ಲಗ್ ಹುಡುಕಬೇಕು. ಬೆಲಿ 1,795 ಡಾಲರ್. ಆದ್ರೂ ಮಂದಿ ಮುಗಿಬಿದ್ದು ತಗೊಂಡ್ರು. ಎರಡು ವರ್ಷಕ್ಕ, 1983ರಾಗ, ಕಂಪನಿ ದಿವಾಳಿ ಎದ್ದು ಹೋತು, ಆ ಮಾತು ಬ್ಯಾರೆ.

ಈ ಆಸ್‌ಬಾರ್ನ್ ಪರದೇಶದಂವ ಅಂತ ಬಿಟ್ಟು ಬಿಡಬ್ಯಾಡ್ರಿ. ಅವನ ತಂದಿ ಆರ್ಥರ್ ಆಸ್‌ಬಾರ್ನ್ ರಮಣ ಮಹರ್ಷಿಗಳ ಭಕ್ತ, ಅವರ ಬಗ್ಗೆ ಪುಸ್ತಕ ಬರದವರು. ಮಗ ಆಡಮ್ ಸಣ್ಣಂವ ಇದ್ದಾಗ ಬೆಳದದ್ದು ತಿರುವಣ್ಣಾಮಲೈಯಾಗ, ಆಶ್ರಮದ ನೆರಳಿನಾಗ. ಕಡೀ ವರ್ಷಗಳನ್ನ ಕೊಡೈಕನಾಲ್‌ದಾಗ ಕಳದು 2003ರಾಗ ಅಲ್ಲೇ ತೀರಿಕೊಂಡ. ಕೈಯಾಗ ಹಿಡಕೊಂಡು ಹೋಗೋ ಕಂಪ್ಯೂಟರಿನ ಅಜ್ಜ ನಮ್ಮ ದಕ್ಷಿಣದ ನೀರು ಕುಡದಂವ ಅಂತ ಓದಿದಾಗ ನಂಗ ಒಂಥರಾ ಬಳಗದವರ ಸುದ್ದಿ ಕೇಳಿದಂಗಾತು.

ಮರುವರ್ಷ, 1982ರಾಗ, ಗ್ರಿಡ್ ಕಂಪಾಸ್ ಬಂತು. ಪುಸ್ತಕದಂಗ ಮಡಚೋ ಪದ್ಧತಿ ಇದರಿಂದ ರೂಢಿಗೆ ಬಂತು. ನಾವು ಇವತ್ತಿಗೂ ಹಂಗ ಮಡಚ್ತೇವಿ. ತೂಕ ಅರ್ಧಕ್ಕ ಇಳೀತು, ಆದ್ರ ಬೆಲಿ 8,150 ಡಾಲರ್. ನಾಸಾದವರು ಇದನ್ನ ಬಾಹ್ಯಾಕಾಶಕ್ಕೂ ಒಯ್ದ್ರು. ಇಲ್ಲೆ ಲ್ಯಾಪ್‌ಟಾಪಿನ ಹಣಿಬರಹ ಬದಲಾತು ನೋಡ್ರಿ. ಅಷ್ಟು ರೊಕ್ಕ ಕೊಡಾವ್ರು ಯಾರು? ಕಂಪನಿ, ಸರಕಾರ, ಸೈನ್ಯ. ಹಂಗಾಗಿ ಬೆತ್‌ಗ ಅಂತ ಕನಸು ಕಂಡ ಸಾಮಾನು ಸಾಹೇಬರ ಬಗಲಾಗ ಹೋಗಿ ಕೂತ್ತು. ಆಟ ಹಿಂದ ಉಳೀತು.

ಆಟ ಸಾಯಲಿಲ್ಲ, ಮನಿಯೊಳಗಿನ ದೊಡ್ಡ ಕಂಪ್ಯೂಟರ್‌ನ್ಯಾಗ ಬೆಳೀತು. ಅಲ್ಲೂ ಹೆಣ್ಣಮಕ್ಕಳು ಇದ್ರು. 1980ರಾಗ ರೋಬರ್ಟಾ ವಿಲಿಯಮ್ಸ್ ಅನ್ನೋ ಗೃಹಿಣಿ, ಎರಡು ಮಕ್ಕಳ ತಾಯಿ, 'ಮಿಸ್ಟರಿ ಹೌಸ್' ಅನ್ನೋ ಆಟದ ಕಥಿ ಕಟ್ಟಿ ಅದಕ್ಕ ಚಿತ್ರಾನೂ ತಗದ್ಲು. ಪ್ರೋಗ್ರಾಮ್ ಬರದಂವ ಆಕಿ ಗಂಡ. ಬರೇ ಅಕ್ಷರದಾಗ ಇದ್ದ ಸಾಹಸದ ಆಟಕ್ಕ ಚಿತ್ರ ಕೂಡಿದ್ದು ಅವಾಗ. 1982ರಾಗ ಕ್ಯಾರಲ್ ಶಾ ಮಾಡಿದ 'ರಿವರ್ ರೇಡ್' ಮನಿಮನಿಗೆ ಹೋತು.

ಆಟ ಚಂದ ಆದಂಗ ಕಂಪ್ಯೂಟರಿಗೆ ದಣಿವು ಜಾಸ್ತಿ ಆತು. ಯಾಕಂದ್ರ ನಮ್ಮನಿ ಪರದೆಯಂಥಾದ್ದರಾಗ 20 ಲಕ್ಷಕ್ಕ ಮ್ಯಾಲೆ ಚುಕ್ಕಿ ಇರ್ತಾವ. ಅಷ್ಟೂ ಚುಕ್ಕಿಗೆ ಒಂದು ಸೆಕೆಂಡಿನಾಗ 144 ಸಲ ಹೊಸಾ ಬಣ್ಣ ಹಚ್ಚಬೇಕು, ಅಂದ್ರ ಸೆಕೆಂಡಿಗೆ ಸುಮಾರು 30 ಕೋಟಿ ಚುಕ್ಕಿ. ಇದು ಎಷ್ಟ ಶ್ಯಾಣ್ಯಾ ಇದ್ರೂ ಒಬ್ಬರ ಕೈಲೆ ಆಗೋ ಕೆಲಸ ಅಲ್ಲ. ಮದವಿ ಮನಿ ನೆನಪು ಮಾಡ್ಕೋರಿ. ಅಡಗಿ ಲೆಕ್ಕ ಪೂರಾ ತಲಿಯಾಗ ಇಟಗೊಂಡು ನಡಸಾಕಿ ಒಬ್ಬಾಕಿ ಇರ್ತಾಳ. ಆದ್ರ ಸಾವಿರ ಹಪ್ಪಳ ಲಟ್ಟಸಬೇಕಾದ್ರ ಆಕಿಯಂಥಾ ಒಬ್ಬಾಕಿ ಸಾಲಂಗಿಲ್ಲ, ಬರೇ ಲಟ್ಟಸ್ಲಿಕ್ಕೆ ಬರೋ ನಲವತ್ತು ಮಂದಿ ಬೇಕು. ಮೊದಲನೇದು ಸಿಪಿಯು, ಎರಡನೇದು ಜಿಪಿಯು, ಅಂದ್ರ ಗ್ರಾಫಿಕ್ಸ್ ಚಿಪ್. 1999ರಾಗ ಎನ್‌ವಿಡಿಯಾ ಕಂಪನಿ 'ಜಿಫೋರ್ಸ್ 256' ತಂದು, ಜಗತ್ತಿನ ಮೊದಲ ಜಿಪಿಯು ಅಂತ ಡಂಗುರಾ ಹೊಡೀತು. ಮುಂದಿನ ವರ್ಷ ಲ್ಯಾಪ್‌ಟಾಪಿಗೆ ಅಂತ ಸಣ್ಣದೊಂದು ಮಾಡ್ತು. ಅಲ್ಲಿಂದ ಆಟ ತಿರುಗಿ ಲ್ಯಾಪ್‌ಟಾಪ್ ಒಳಗ ಬಂತು.

ಬಂತೇನೋ ಬಂತು, ಭಾರನೂ ಬೆನ್ನ ಹಿಂದ ಬಂತು. ನಲವತ್ತು ಮಂದಿ ಕೂತು ಲಟ್ಟಿಸಿದ್ರ ಖೋಲಿ ಕಾಯತದಲ್ರಿ, ಹಂಗ ಚಿಪ್ ಕಾಯತದ. ಆ ಬಿಸಿ ಹೊರಗ ಹಾಕ್ಲಿಕ್ಕೆ ಒಳಗ ತಾಮ್ರದ ಚಪ್ಪಟಿ ಕೊಳವಿ ಇರ್ತಾವ, ಅದರಾಗ ಒಂದು ಚೂರು ನೀರಿನಂಥಾ ದ್ರವ. ಬಿಸಿ ಆದ ತುದಿಯೊಳಗ ಅದು ಹಬಿ ಆಗಿ ಈಚೀ ತುದಿಗೆ ಓಡ್ತದ, ಅಲ್ಲೆ ತಂಪಾಗಿ ನೀರಾಗಿ ತಿರುಗಿ ಬರ್ತದ. ಇಡ್ಲಿ ಪಾತ್ರಿ ಮುಚ್ಚಳದಾಗ ಹನಿ ಕೂಡತದಲ್ಲ, ಅದ ವಿದ್ಯಾ. 1963ರಾಗ ಅಮೇರಿಕಾದ ಲಾಸ್ ಅಲಾಮೋಸ್‌ದಾಗ ಜಾರ್ಜ್ ಗ್ರೋವರ್ ಅನ್ನಂವ ಇದನ್ನ ಮಾಡಿ ತೋರಿಸಿದ್ದ, ಬಾಹ್ಯಾಕಾಶದ ಕೆಲಸದ ಸಂಬಂಧ. ಫ್ಯಾನ್ ಆ ತಂಪಾಗೋ ತುದಿಗೆ ಗಾಳಿ ಬೀಸ್ತದ. ತಾಮ್ರ, ಫ್ಯಾನು, ದೊಡ್ಡ ಬ್ಯಾಟರಿ, ಇವ ತೂಕ. ಗಾಳಿ ಓಡೋದ ಸಪ್ಪಳ. 2017ರಾಗ 'ಮ್ಯಾಕ್ಸ್-ಕ್ಯೂ' ಅನ್ನೋ ಪದ್ಧತಿ ತಂದು, ಚಿಪ್‌ಗೆ ಕೊಡೋ ಕರೆಂಟ್ ಹಿಡತದಾಗ ಇಟ್ಟು, ಲ್ಯಾಪ್‌ಟಾಪ್ ತೆಳ್ಳಗ ಮಾಡಿದ್ರು. ಅದಕ್ಕ ನಮ್ಮದು 2.4 ಕಿಲೋದಾಗ ನಿಂತದ. ಅಲನ್ ಕೇ ಹೇಳಿದ ಎರಡು ಕಿಲೋ ಇನ್ನೂ ಮುಟ್ಟಿಲ್ಲ.

ಬ್ಯಾಟರಿದೂ ಒಂದು ಮಾತು ಅದ. ವಿಮಾನದಾಗ ಪರವಾನಗಿ ಕೇಳದ ಒಯ್ಯೋ ಬ್ಯಾಟರಿಗೆ 100 ವ್ಯಾಟ್-ಅವರ್ ಮಿತಿ. ಹಂಗಾಗಿ ಎಷ್ಟ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್ ಇದ್ರೂ ಬ್ಯಾಟರಿ ಅಲ್ಲಿಗೇ ನಿಲ್ತದ. ನಮ್ಮದರಾಗ ಬರೇ ಬರಕೋತ ಕೂತ್ರ ಐದು ತಾಸು ನಡೀತದ, ಆಟಕ್ಕ ಕೂತ್ರ ಒಂದು ತಾಸು ಅಷ್ಟ. ಅಂದ್ರ ಆಸ್‌ಬಾರ್ನ್ ಅಜ್ಜನಂಗ ಇದೂ ಪ್ಲಗ್ ಹುಡುಕೋ ಪೈಕಿನ. ಕರೆಂಟ್ ಬಿಲ್ಲಿನ ಚಿಂತಿ ಇದ್ದವರಿಗೆ ಹೇಳ್ತೇನಿ, ಪೂರಾ 230 ವ್ಯಾಟ್ ತಿಂದ್ರೂ ನಾಕು ತಾಸಿಗೆ ಒಂದು ಯೂನಿಟ್ ಒಳಗ. ಗೀಝರ್ ಇದಕ್ಕಿಂತ ಭಾಳ ತಿಂತದ.

ಕೀಲಿಮಣಿಯೊಳಗ ನಾಕು ಅಕ್ಷರ ಬ್ಯಾರೆ ಬಣ್ಣ ಯಾಕ ಅಂತ ಎಲ್ಲಾರೂ ಕೇಳ್ತೀರಿ. ಡಬ್ಲ್ಯೂ, ಎ, ಎಸ್, ಡಿ: ಮುಂದ, ಎಡಕ್ಕ, ಹಿಂದ, ಬಲಕ್ಕ. ಮೊದಲ ಮಂದಿ ಬಾಣದ ಕೀಲಿ ಒತ್ತಿ ಆಡ್ತಿದ್ರು. 1997ರಾಗ 'ಕ್ವೇಕ್' ಆಟದ ದೊಡ್ಡ ಪಂದ್ಯದಾಗ ಡೆನಿಸ್ ಫಾಂಗ್ ಅನ್ನೋ ಹುಡುಗ ಈ ನಾಕು ಕೀಲಿ ಮ್ಯಾಲೆ ಬಟ್ಟಿಟ್ಟು ಗೆದ್ದು ಫೆರಾರಿ ಕಾರ್ ಒಯ್ದ. ಅಲ್ಲಿಂದ ಎಲ್ಲಾರೂ ಅದನ್ನ ಹಿಡದ್ರು. ಗೆದ್ದವರ ಮನಿ ಪದ್ಧತಿ ಊರಿಗೆಲ್ಲಾ ರೂಢಿ ಆದಂಗ.

ಇನ್ನ ಉಂಗರದ ಮಾತು. 2012ರಾಗ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಝೆವ್‌ಸ್ಕಿ ಅನ್ನೋ ವಿದ್ಯಾರ್ಥಿ ಅಪ್ಪ-ಅವ್ವನ ಮನ್ಯಾಗ ಮಲಗೋ ಖೋಲಿಯೊಳಗ ಒಂದು ಕಂಪ್ಯೂಟರ್ ಇಟ್ಟುಕೊಂಡು, ಅದಕ್ಕ ಫೋಟೋ ನೋಡಿ ಇದು ಬೆಕ್ಕು, ಇದು ನಾಯಿ ಅಂತ ಗುರ್ತು ಹಿಡೀಲಿಕ್ಕೆ ಕಲಿಸಿದ. ಒಳಗ ಇದ್ದದ್ದು ಆಟಕ್ಕಂತ ಮಾರೋ ಎರಡು ಗ್ರಾಫಿಕ್ಸ್ ಕಾರ್ಡ್. ಇವತ್ತಿನ ಎಐ ಗದ್ದಲ ಹಬ್ಬಿದ್ದು ಅಲ್ಲಿಂದ. ಹಪ್ಪಳ ಲಟ್ಟಿಸಿದ ನಲವತ್ತು ಮಂದಿನ ಮುಂದ ಇಷ್ಟು ದೊಡ್ಡ ಕೆಲಸ ಮಾಡಿದ್ರು. ನಮ್ಮನ್ಯಾಗೂ ಅಷ್ಟ. ಹಳೇ ಲ್ಯಾಪ್‌ಟಾಪಿನಾಗ ಮಗಳು ಒಂದು ಕಟ್ಟಡದ ಚಿತ್ರ ರಾತ್ರಿ ಹಚ್ಚಿ ಮಲಗಿದ್ರ ಮುಂಜಾನೆ ತನಕ ನಡೀತಿತ್ತು, ಇದರಾಗ ನಾ ಚಹಾ ಮಾಡಿ ತರೋದ್ರಾಗ ತಯಾರಿರ್ತದ. ಆಟದ ಮಷೀನ್ ಆಕಿ ಓದಿನ ಮಷೀನೂ ಹೌದು. ಆಟದ್ದು ಅನ್ನೋ ಒಂದ ಹೆಸರಿನ ಸಂಬಂಧ ಹುಡುಗ್ಯಾರಿಗೆ ಬ್ಯಾಡ ಅಂದ್ರ, ಅದರೊಳಗಿನ ಇಷ್ಟೆಲ್ಲಾ ಶಕ್ತಿ ಅವರಿಗೆ ಬ್ಯಾಡ ಅಂದಂಗ. ಬಂಗಾರ ನಾಳೆನೂ ತಗೊಳ್ಳಿಕ್ಕೆ ಬರ್ತದ, ಕಲಿಯೋ ವರ್ಷ ತಿರುಗಿ ಬರಂಗಿಲ್ಲ.

ನಿಮ್ಮನ್ಯಾಗ ಯಾರರೆ ತಗೊಳ್ಳೋರಿದ್ರ ಹದಿನೆಂಟು ದಿವಸದಾಗ ಕಂಡದ್ದು ಹೇಳ್ತೇನಿ. ಬರೇ ಪತ್ರ, ಫೋಟೋ, ಭಜನಿ ವಿಡಿಯೋ ನೋಡೋದಿದ್ರ ಇದು ಬ್ಯಾಡ, ಹಗುರದ್ದು ತಗೋರಿ. ಚಿತ್ರ, ವಿಡಿಯೋ ಎಡಿಟಿಂಗ್, ಆಟ ಇದ್ರ ಇದು ಛೊಲೊ. ಇದನ್ನ ಹಾಸಗಿ, ಕೌದಿ ಮ್ಯಾಲೆ ಇಡಬ್ಯಾಡ್ರಿ, ಗಾಳಿ ಎಳಕೊಳ್ಳೋದು ಹೊಟ್ಟಿ ಕೆಳಗಿಂದ, ಅರಿವಿ ಬಂದ್ರ ಉಸರು ಕಟ್ಟತದ. ಮೂರು ಪಿನ್ನಿನ ಅರ್ಥಿಂಗ್ ಇದ್ದ ಪ್ಲಗ್ಗಿಗೇ ಹಚ್ಚರಿ. ಸದಾ ಚಾರ್ಜಿಗೆ ಇಡವರು ಸೆಟ್ಟಿಂಗಿನಾಗ 80 ಪರ್ಸೆಂಟಿಗೆ ನಿಲ್ಲೋ ಹಂಗ ಮಾಡ್ಕೋರಿ, ಬ್ಯಾಟರಿ ಬಾಳಕಿ ಬರ್ತದ. ಮತ್ತ ಹೆಸರು ಲ್ಯಾಪ್‌ಟಾಪ್ ಅಂತ ಇದ್ರೂ ಆಟ ಆಡೋ ಮುಂದ ತೊಡಿ ಮ್ಯಾಲೆ ಇಟಗೋಬ್ಯಾಡ್ರಿ, ಗಟ್ಟಿ ಟೇಬಲ್ ಮ್ಯಾಲೆ ಇಡ್ರಿ.