ಮಂಪ್ಸ್ ದತ್ತಾಂಶ ತಂತ್ರಜ್ಞಾನ: ಪ್ರತಿಸ್ಪರ್ಧಿ ತಯಾರಕರು ಹಾಗೂ ಬಳಕೆದಾರರ ನಡುವಿನ ಸಹಕಾರ

ಪೀಠಿಕೆ

ಗಣಕೀಕರಣ ಯೋಜನೆಗಳಲ್ಲಿ ಯಂತ್ರಗಳ ಆಯುಸ್ಸು ಕೆಲವೇ ವರ್ಷಗಳದ್ದಾಗಿದ್ದರೆ, ಅವುಗಳಲ್ಲಿ ಸಂಗ್ರಹವಾಗುವ ದಾಖಲೆಗಳ ಆಯುಸ್ಸು ದಶಕಗಳದ್ದಾಗಿರುತ್ತದೆ. ಆಸ್ಪತ್ರೆಯೊಂದರ ರೋಗಿಗಳ ದಾಖಲೆಯು ಒಂದೇ ತಯಾರಕರ ತಂತ್ರಾಂಶಕ್ಕೆ ಬಂಧಿತವಾದಲ್ಲಿ, ಆ ತಯಾರಕರು ವ್ಯವಹಾರ ನಿಲ್ಲಿಸಿದಾಗ ಅಥವಾ ದರ ಹೆಚ್ಚಿಸಿದಾಗ ಆಸ್ಪತ್ರೆಗೆ ಅನ್ಯ ಮಾರ್ಗವಿರುವುದಿಲ್ಲ. ಈ ಸಮಸ್ಯೆಯನ್ನು ಪರಸ್ಪರ ಸ್ಪರ್ಧಿಗಳಾದ ತಯಾರಕರು ಹಾಗೂ ಬಳಕೆದಾರರು ಒಟ್ಟಾಗಿ ಎದುರಿಸಿದ ನಿದರ್ಶನವಾಗಿ ಅಮೆರಿಕದ ಮಂಪ್ಸ್ ತಂತ್ರಜ್ಞಾನದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಉಗಮ

ಮಂಪ್ಸ್ ಎಂಬುದು ಗಣಕ ಭಾಷೆಯೂ ಹೌದು, ದತ್ತಾಂಶ ಸಂಗ್ರಹ ವ್ಯವಸ್ಥೆಯೂ ಹೌದು. ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ಆಕ್ಟೋ ಬಾರ್ನೆಟ್ ಅವರ ಪ್ರಯೋಗಾಲಯದಲ್ಲಿ 1966-67ರ ಅವಧಿಯಲ್ಲಿ ನೀಲ್ ಪಪ್ಪಲಾರ್ಡೊ ಮತ್ತು ಸಹೋದ್ಯೋಗಿಗಳು ಇದನ್ನು ರೂಪಿಸಿದರು. ಮೊದಲಿಗೆ ಡಿಜಿಟಲ್ ಕಂಪನಿಯ ಪಿಡಿಪಿ-7 ಎಂಬ ಸಣ್ಣ ಗಣಕಯಂತ್ರದಲ್ಲಿ ಇದು ಕಾರ್ಯನಿರ್ವಹಿಸಿತು. ರೋಗಿಗಳ ದಾಖಲಾತಿ ಹಾಗೂ ಪ್ರಯೋಗಾಲಯ ಪರೀಕ್ಷೆಗಳ ವರದಿಗಾಗಿ ಇದನ್ನು ಬಳಸಲಾಯಿತು.

ತಂತ್ರಜ್ಞಾನದ ಸ್ವರೂಪ

ಈ ವ್ಯವಸ್ಥೆಯಲ್ಲಿ ದತ್ತಾಂಶವನ್ನು ಕೋಷ್ಟಕಗಳ ಬದಲಾಗಿ ಕೊಂಬೆ ರೆಂಬೆಗಳಂತೆ ಕವಲೊಡೆಯುವ ರಚನೆಯಲ್ಲಿ ಇಡಲಾಗುತ್ತದೆ. ಇಂತಹ ರಚನೆಗೆ 'ಗ್ಲೋಬಲ್' ಎಂದು ಹೆಸರು. ರೋಗಿಯ ಸಂಖ್ಯೆಯ ಅಡಿಯಲ್ಲಿ ಭೇಟಿಯ ದಿನಾಂಕ, ದಿನಾಂಕದ ಅಡಿಯಲ್ಲಿ ಪರೀಕ್ಷೆ, ಪರೀಕ್ಷೆಯ ಅಡಿಯಲ್ಲಿ ಫಲಿತಾಂಶ ಎಂಬಂತೆ ವಿವರಗಳು ಕ್ರಮವಾಗಿ ಸೇರುತ್ತವೆ. ಆಸ್ಪತ್ರೆಯಲ್ಲಿ ಸಾವಿರಾರು ಬಗೆಯ ಪರೀಕ್ಷೆಗಳಿದ್ದರೂ ಒಬ್ಬ ರೋಗಿಗೆ ಕೆಲವನ್ನು ಮಾತ್ರ ಮಾಡಲಾಗಿರುತ್ತದೆ. ಮಾಡದ ಪರೀಕ್ಷೆಗಳಿಗೆ ಇಲ್ಲಿ ಖಾಲಿ ಸ್ಥಳ ಮೀಸಲಿಡಬೇಕಾಗಿಲ್ಲ. ಸ್ಮರಣಕೋಶವು ದುಬಾರಿಯಾಗಿದ್ದ ಆ ಕಾಲದಲ್ಲಿ ಇದು ಮುಖ್ಯ ಅನುಕೂಲವಾಗಿತ್ತು.

ಉದ್ಭವಿಸಿದ ಸಮಸ್ಯೆ

ಮಂಪ್ಸ್‌ನ ಉಪಯುಕ್ತತೆಯನ್ನು ಮನಗಂಡ ಇತರ ಆಸ್ಪತ್ರೆಗಳು ಹಾಗೂ ಕಂಪನಿಗಳು ತಮ್ಮ ಯಂತ್ರಗಳಿಗೆ ಅನುಗುಣವಾಗಿ ಅದನ್ನು ಮಾರ್ಪಡಿಸಿಕೊಂಡವು. ಪರಿಣಾಮವಾಗಿ 1970ರ ದಶಕದ ಆರಂಭದ ವೇಳೆಗೆ ಪರಸ್ಪರ ಹೊಂದಾಣಿಕೆಯಿಲ್ಲದ ಹಲವು ಪ್ರಭೇದಗಳು ಹುಟ್ಟಿಕೊಂಡವು. ಒಂದು ಆಸ್ಪತ್ರೆಯಲ್ಲಿ ಬರೆದ ಕಾರ್ಯಕ್ರಮವು ಮತ್ತೊಂದು ಆಸ್ಪತ್ರೆಯಲ್ಲಿ ನಡೆಯುತ್ತಿರಲಿಲ್ಲ.

1972ರ ಸಭೆ ಮತ್ತು ಏಕರೂಪ ಮಾನಕ

1972ರ ಶರತ್ಕಾಲದಲ್ಲಿ ಬಳಕೆದಾರರು ಬಾಸ್ಟನ್‌ನಲ್ಲಿ ಸಭೆ ಸೇರಿದರು. ಇದರ ಫಲವಾಗಿ ಎರಡು ಸಂಘಟನೆಗಳು ಅಸ್ತಿತ್ವಕ್ಕೆ ಬಂದವು. ಮಂಪ್ಸ್ ಬಳಕೆದಾರರ ಸಂಘವು ಅನುಭವ ಹಾಗೂ ಕಾರ್ಯಕ್ರಮಗಳ ವಿನಿಮಯಕ್ಕೂ, ಮಂಪ್ಸ್ ಅಭಿವೃದ್ಧಿ ಸಮಿತಿಯು ಭಾಷೆಯ ಏಕರೂಪತೆಗೂ ಮೀಸಲಾದವು. 1974ರ ವೇಳೆಗೆ ಮಾನಕವು ಸಿದ್ಧವಾಗಿ, 1977ರ ಸೆಪ್ಟೆಂಬರ್ 15ರಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಿಂದ ಎಕ್ಸ್11.1 ಎಂಬ ಸಂಖ್ಯೆಯಡಿ ಅನುಮೋದಿಸಲ್ಪಟ್ಟಿತು. 1984, 1990 ಹಾಗೂ 1995ರಲ್ಲಿ ಇದನ್ನು ಪರಿಷ್ಕರಿಸಲಾಯಿತು. 1992ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವೂ ಆಯಿತು.

ಎಲ್ಲರೂ ಈ ಮಾರ್ಗವನ್ನು ಅನುಸರಿಸಲಿಲ್ಲ ಎಂಬುದೂ ಗಮನಾರ್ಹ. ಪಪ್ಪಲಾರ್ಡೊ ಅವರು 1969ರಲ್ಲಿ ಸ್ಥಾಪಿಸಿದ್ದ ಮೆಡಿಟೆಕ್ ಸಂಸ್ಥೆಯು ತನ್ನದೇ ಆದ ಪ್ರಭೇದವನ್ನು ಮುಂದುವರಿಸಿ, ಆಸ್ಪತ್ರೆ ತಂತ್ರಾಂಶದ ವ್ಯಾಪಾರದಲ್ಲಿ ಯಶಸ್ಸನ್ನೂ ಗಳಿಸಿತು.

ಸಹಕಾರದ ವಿಧಾನ

ಸ್ಪರ್ಧೆಗೆ ಧಕ್ಕೆಯಾಗದಂತೆ ಸಹಕಾರವನ್ನು ಸಾಧಿಸಿದ ಪ್ರಮುಖ ಕ್ರಮಗಳು ಈ ಕೆಳಕಂಡಂತಿವೆ:

1. ಸಮಿತಿಯಲ್ಲಿ ತಯಾರಕರೊಂದಿಗೆ ಬಳಕೆದಾರ ಸಂಸ್ಥೆಗಳಿಗೂ ಸ್ಥಾನ ನೀಡಲಾಗಿತ್ತು. ಬದಲಾವಣೆಯ ಪ್ರಸ್ತಾವನೆಗಳು ಹಂತ ಹಂತವಾಗಿ ಪರಿಶೀಲನೆಗೆ ಒಳಪಟ್ಟ ನಂತರವೇ ಮಾನಕಕ್ಕೆ ಸೇರುತ್ತಿದ್ದವು.

2. ತಯಾರಕರು ತಮ್ಮದೇ ಹೊಸ ಸೌಲಭ್ಯಗಳನ್ನು ನೀಡಲು 'ಝಡ್' ಅಕ್ಷರದಿಂದ ಆರಂಭವಾಗುವ ಆದೇಶಗಳನ್ನು ಕಾಯ್ದಿರಿಸಲಾಯಿತು. ಆದ್ದರಿಂದ ಕಾರ್ಯಕ್ರಮವನ್ನು ಓದಿದವರಿಗೆ ಯಾವುದು ಸರ್ವಸಾಮಾನ್ಯ, ಯಾವುದು ಒಬ್ಬ ತಯಾರಕರಿಗೆ ಸೀಮಿತ ಎಂಬುದು ತಕ್ಷಣ ತಿಳಿಯುತ್ತಿತ್ತು.

3. ಎಲ್ಲ ಯಂತ್ರಗಳಲ್ಲೂ ಕಾರ್ಯಕ್ರಮಗಳು ನಡೆಯುವಂತಾಗಲು ಪಾಲಿಸಬೇಕಾದ ಮಿತಿಗಳನ್ನು ಮಾನಕದಲ್ಲಿಯೇ ನಿಗದಿಪಡಿಸಲಾಯಿತು.

ಇದರಿಂದ ತಯಾರಕರು ವೇಗ, ದರ ಹಾಗೂ ಸೇವೆಯಲ್ಲಿ ಪರಸ್ಪರ ಸ್ಪರ್ಧಿಸಬೇಕಾಯಿತೇ ಹೊರತು ಗ್ರಾಹಕರನ್ನು ಕಟ್ಟಿಹಾಕಿ ಉಳಿಸಿಕೊಳ್ಳುವುದು ಕಷ್ಟವಾಯಿತು.

ಮಾನಕದಿಂದಾದ ಪ್ರಯೋಜನ

ಅಮೆರಿಕದ ನಿವೃತ್ತ ಯೋಧರ ಇಲಾಖೆಯು ಇದರ ಪ್ರಮುಖ ಫಲಾನುಭವಿ. ಇಲಾಖೆಯ ನೌಕರರು 1978ರಿಂದ ಮಂಪ್ಸ್‌ನಲ್ಲಿ ಆಸ್ಪತ್ರೆ ತಂತ್ರಾಂಶವನ್ನು ಬರೆಯತೊಡಗಿದರು. 1982ರಲ್ಲಿ ಅಧಿಕೃತ ಮನ್ನಣೆ ಪಡೆದ ಈ ಕಾರ್ಯವು ಮುಂದೆ 'ವಿಸ್ಟಾ' ಎಂದು ಹೆಸರಾಯಿತು. 'ಝಡ್' ಆದೇಶಗಳನ್ನು ಸಾಮಾನ್ಯ ಕಾರ್ಯಕ್ರಮಗಳಲ್ಲಿ ಬಳಸಬಾರದೆಂದು ಇಲಾಖೆಯು ನಿಯಮ ಮಾಡಿತು. ತಯಾರಕರಿಂದ ತಯಾರಕರಿಗೆ ಬದಲಾಗುವ ಭಾಗಗಳನ್ನು ತಂತ್ರಾಂಶದ ತಳಹದಿಯಲ್ಲಿ ಒಂದೆಡೆ ಮಾತ್ರ ಇರಿಸಲಾಯಿತು. ಹೀಗಾಗಿ ತಯಾರಕರೂ ಯಂತ್ರಗಳೂ ಬದಲಾದರೂ ವೈದ್ಯರು ಮತ್ತು ದಾದಿಯರು ಬಳಸುವ ಕಾರ್ಯಕ್ರಮಗಳನ್ನು ಹೊಸದಾಗಿ ಬರೆಯಬೇಕಾಗಲಿಲ್ಲ.

ಸಾರ್ವಜನಿಕ ಹಣದಿಂದ ಸಿದ್ಧವಾದ ಈ ತಂತ್ರಾಂಶವು ಸಾರ್ವಜನಿಕರಿಗೂ ಮುಕ್ತವಾಗಿ ದೊರೆಯಿತು. ಇಲಾಖೆಯು ವಿಸ್ಟಾಗೆ ಬದಲಿಯಾಗಿ ಬೇರೊಂದು ವ್ಯವಸ್ಥೆಗಾಗಿ 2018ರಲ್ಲಿ ಒಪ್ಪಂದ ಮಾಡಿಕೊಂಡಿತು. ಹೊಸ ವ್ಯವಸ್ಥೆಯು 2020ರ ಅಕ್ಟೋಬರ್‌ನಲ್ಲಿ ಮೊದಲ ಆಸ್ಪತ್ರೆಯಲ್ಲಿ ಜಾರಿಗೆ ಬಂದರೂ, ತೊಂದರೆಗಳು ಕಂಡುಬಂದ ಕಾರಣ 2023ರಲ್ಲಿ ಅದರ ವಿಸ್ತರಣೆಯನ್ನು ತಡೆಹಿಡಿಯಲಾಯಿತು.

ತಯಾರಕರ ಸಂಖ್ಯೆ ಕುಗ್ಗಿದ ಅವಧಿ

1978ರಲ್ಲಿ ಸ್ಥಾಪಿತವಾದ ಇಂಟರ್‌ಸಿಸ್ಟಮ್ಸ್ ಕಂಪನಿಯು 1990ರ ದಶಕದಲ್ಲಿ ಡೇಟಾಟ್ರೀ, ಡಿಜಿಟಲ್ ಹಾಗೂ ಮೈಕ್ರೊನೆಟಿಕ್ಸ್ ಕಂಪನಿಗಳ ಮಂಪ್ಸ್ ಉತ್ಪನ್ನಗಳನ್ನು ತನ್ನದಾಗಿಸಿಕೊಂಡಿತು. ಸ್ಪರ್ಧಿಗಳು ಕಡಿಮೆಯಾದಂತೆ ಒಟ್ಟಾಗಿ ಮಾನಕ ರೂಪಿಸುವ ಅಗತ್ಯವೂ ಕುಗ್ಗಿತು. ಮಾನಕವಿದ್ದರೂ ಆಯ್ಕೆಗೆ ಒಬ್ಬರೇ ತಯಾರಕರು ಉಳಿಯುವ ಸಂಭವ ಬಳಕೆದಾರರಿಗೆ ಎದುರಾಯಿತು.

ಈ ಸಂದರ್ಭದಲ್ಲಿ, ಬ್ಯಾಂಕಿಂಗ್ ಕ್ಷೇತ್ರದಲ್ಲಿ ಬಳಕೆಯಲ್ಲಿದ್ದ ಜಿಟಿ.ಎಂ ಎಂಬ ಮಂಪ್ಸ್ ಉತ್ಪನ್ನವನ್ನು 2000ದಲ್ಲಿ ಲಿನಕ್ಸ್‌ಗಾಗಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಲಾಯಿತು. 2002ರಲ್ಲಿ ಸ್ಥಾಪಿತವಾದ ವರ್ಲ್ಡ್‌ವಿಸ್ಟಾ ಸಂಸ್ಥೆಯು ವಿಸ್ಟಾವನ್ನು ಅಮೆರಿಕದ ಸರ್ಕಾರದ ಹೊರಗೂ ಬಳಕೆಗೆ ತರಲು ಶ್ರಮಿಸಿತು. ಜಿಟಿ.ಎಂ ಅನ್ನು ಆಧರಿಸಿದ ಯೊಟ್ಟಾಡಿಬಿ 2017ರಲ್ಲಿ ಬಿಡುಗಡೆಯಾಯಿತು.

ಗಮನಿಸಬೇಕಾದ ಅಂಶಗಳು

ತಂತ್ರಾಂಶ ಖರೀದಿಸುವ ಸಂಸ್ಥೆಗಳು ಮೇಲ್ಕಂಡ ಇತಿಹಾಸದಿಂದ ಈ ಅಂಶಗಳನ್ನು ಗಮನಿಸಬಹುದು:

ಅ) ಉತ್ಪನ್ನವು ಮಾನಕಕ್ಕೆ ಅನುಗುಣವಾಗಿದೆಯೇ ಎಂಬುದರ ಜೊತೆಗೆ, ಅದೇ ಮಾನಕವನ್ನು ಪಾಲಿಸುವ ಎರಡನೆಯ ತಯಾರಕರು ಇದ್ದಾರೆಯೇ ಎಂಬುದನ್ನೂ ಪರಿಶೀಲಿಸುವುದು.

ಆ) ಮಾನಕವನ್ನು ಮೀರಿದ ಸೌಲಭ್ಯಗಳ ಬಳಕೆ ಅನಿವಾರ್ಯವಾದಲ್ಲಿ, ಅವುಗಳನ್ನು ಒಂದೆಡೆ ಮಾತ್ರ ಇರಿಸಿ ಲಿಖಿತವಾಗಿ ದಾಖಲಿಸುವುದು.

ಇ) ಬಳಕೆದಾರರ ಸಂಘಗಳಲ್ಲಿ ಪಾಲ್ಗೊಳ್ಳುವುದನ್ನು ಅನಗತ್ಯ ವೆಚ್ಚವೆಂದು ಪರಿಗಣಿಸದಿರುವುದು. ಮಂಪ್ಸ್‌ನ ಏಕರೂಪತೆಗೆ ಚಾಲನೆ ದೊರೆತದ್ದು ಬಳಕೆದಾರರ ಸಭೆಯಿಂದಲೇ.